ನೆನಪುಳಿದ ಮಾತು, ಮರೆತ ಮಾತು

ಮನುಷ್ಯನು ಜೀವಮಾನವೆಲ್ಲ ದುಡಿದು, ಕೊನೆಗೆ ಎರಡೇ ಪದಗಳಿಂದ ಲೋಕದ ನೆನಪಿನಲ್ಲಿ ಉಳಿಯುವುದುಂಟು. 2023ರ ಮೇ ತಿಂಗಳಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ ಷಿಕಾಗೋ ನಗರದಲ್ಲಿ ತೀರಿಕೊಂಡ ನ್ಯಾಯವಾದಿ ನ್ಯೂಟನ್ ಮಿನೋ ಅಂಥವರು. ಅವರ ಹೆಸರೆತ್ತಿದೊಡನೆ ಅಮೆರಿಕದವರಿಗೆ ನೆನಪಾಗುವುದು ‘ವಿಶಾಲವಾದ ಬಂಜರು’ ಎಂಬ ಮಾತು. ಅದಕ್ಕಿಂತ ಹಿರಿದಾದ ಮಾತೊಂದು ಅವರಲ್ಲಿದ್ದಿತೆಂದು ನಾನು ಭಾವಿಸುತ್ತೇನೆ.

ಎರಡನೆಯ ಮಹಾಯುದ್ಧದಲ್ಲಿ ಮಿನೋ ನಮ್ಮ ಕಡೆಗೇ ಬಂದಿದ್ದರು. ಭಾರತ-ಚೀನಗಳ ನಡುವೆ ಮೊದಲ ಟೆಲಿಫೋನ್ ತಂತಿಯನ್ನು ಎಳೆದ ಸೇನಾ ತುಕಡಿಯಲ್ಲಿ ದುಡಿದರು. ಬಳಿಕ ಕಾನೂನು ಓದಿ, ಮುಖ್ಯ ನ್ಯಾಯಮೂರ್ತಿ ವಿನ್ಸನ್ ಅವರಿಗೆ ಸಹಾಯಕರಾದರು. 1961ರಲ್ಲಿ ಅಧ್ಯಕ್ಷ ಕೆನೆಡಿಯವರು ಅವರನ್ನು ಫೆಡರಲ್ ಸಂಪರ್ಕ ಆಯೋಗದ ಮುಖ್ಯಸ್ಥರನ್ನಾಗಿ ನೇಮಿಸಿದಾಗ ಅವರಿಗೆ 35 ವರ್ಷ.

ಆ ವರ್ಷದ ಮೇ 9ರಂದು, ಪ್ರಸಾರ ಸಂಸ್ಥೆಗಳವರ ಸಭೆಯಲ್ಲಿಯೇ ನಿಂತು, ಒಂದು ದಿನವೆಲ್ಲ ನಿಮ್ಮ ಟೆಲಿವಿಷನ್ನಿನ ಮುಂದೆ ನೀವೇ ಕುಳಿತು ನೋಡಿರಿ, ಕಾಣುವುದು ಬಂಜರು ಎಂದರು. ಮುಂದೆ ಒಬ್ಬ ನಿರ್ಮಾಪಕನು ತನ್ನ ವಿನೋದ ಧಾರಾವಾಹಿಯಲ್ಲಿ ಒಡೆದುಹೋಗುವ ನಾವೆಗೆ ಅವರ ಹೆಸರನ್ನಿಟ್ಟು ಸೇಡು ತೀರಿಸಿಕೊಂಡನು!

ಸರಕಾರದ ಅಧಿಕಾರಿ ಹೀಗೆ ಆಡಬಹುದೆ? ಇದು ಕತ್ತರಿ ಪ್ರಯೋಗಕ್ಕೆ ಪೀಠಿಕೆಯಲ್ಲವೆ? ಸಂದೇಹ ಸಹಜ. ಆದರೆ ಕಾರ್ಯಕ್ರಮಗಳನ್ನು ಕತ್ತರಿಸುವ ಅಧಿಕಾರವನ್ನು ಕಾಯಿದೆ ಆಯೋಗಕ್ಕೆ ಕೊಟ್ಟಿರಲಿಲ್ಲ. ಮಿನೋ ಅದನ್ನು ಬಯಸಲೂ ಇಲ್ಲ. ವಕೀಲರಾದ ಅವರು ಹಿಡಿದುದು 1934ರ ಕಾಯಿದೆಯ ಒಂದು ಮಾತನ್ನು: ಸಾರ್ವಜನಿಕ ಹಿತ. ಪ್ರಸಾರದ ಅಲೆಗಳು ಯಾರೊಬ್ಬರ ಸ್ವತ್ತೂ ಅಲ್ಲ. ಹಿತವನ್ನು ಮರೆತವನಿಗೆ ಪರವಾನಗಿಯೂ ಶಾಶ್ವತವಲ್ಲ. 1962ರಲ್ಲಿ ಬಂದ ಕಾಯಿದೆಯೊಂದು, ಹೊಸ ಟೆಲಿವಿಷನ್‌ಗಳು ಎಲ್ಲ ವಾಹಿನಿಗಳನ್ನೂ ಹಿಡಿಯುವಂತಿರಬೇಕೆಂದು ವಿಧಿಸಿತು. ಶಿಕ್ಷಣ ಪ್ರಸಾರಕ್ಕೆ ಅದರಿಂದ ದಾರಿಯಾಯಿತು. ಕೆಟ್ಟದ್ದಕ್ಕೆ ಮದ್ದು ನಿಷೇಧವಲ್ಲ, ಆಯ್ಕೆ ಎಂಬುದು ಇದರ ತಿರುಳು. 1963ರಲ್ಲಿ ಅವರು ಹುದ್ದೆ ಬಿಟ್ಟರು. ತಾವು ನೆನಪಿಡಿಸಲು ಬಯಸಿದ್ದುದು ಬಂಜರನ್ನಲ್ಲ, ಸಾರ್ವಜನಿಕ ಹಿತವನ್ನು ಎಂದು ಮುಂದೆ ಅವರೇ ಹೇಳಿದರು.

ಇಂದು ತೆರೆ ನಮ್ಮ ಅಂಗೈಗೆ ಇಳಿದಿದೆ. ಅದರಲ್ಲಿ ಹರಿದುಬರುವ ಚಿತ್ರಗಳ ಒಡೆಯರು ಯಾವ ಆಯೋಗದಿಂದಲೂ ಪ್ರಸಾರದ ಪರವಾನಗಿ ಪಡೆಯಬೇಕಾಗಿಲ್ಲ. ಹಿತವನ್ನು ಕೇಳಲು ಮಿನೋ ಅವರಿಗೆ ಕಾಯಿದೆಯ ಆಧಾರವಿದ್ದಿತು. ನಮಗೆ ಅದು ತಪ್ಪಿದೆ. ಹಿತದ ಹೆಸರಿನಲ್ಲಿ ಸರಕಾರವೇ ಬಾಯಿ ಮುಚ್ಚಿಸುವ ಭಯವೂ ಸುಳ್ಳಲ್ಲ. ಈ ಎರಡರ ನಡುವೆ ದಾರಿ ಹುಡುಕುವ ಕೆಲಸ ಉಳಿದೇ ಇದೆ. ಅದಕ್ಕೆ ಮೊದಲು, ಅವರು ಅಂದು ಒಡೆಯರಿಗೆ ಹೇಳಿದುದನ್ನು ನಾವೇ ಮಾಡಿ ನೋಡಬಹುದು: ಒಂದು ದಿನ, ಬೆಳಗಿನಿಂದ ರಾತ್ರಿಯವರೆಗೆ, ನಮ್ಮ ತೆರೆ ನಮಗೆ ಕೊಟ್ಟುದೇನೆಂದು ಲೆಕ್ಕವಿಡುವುದು.