ಕುಡಿತದ ಮಾತು, ಹೆಂಗಸಿನ ಮೇಲೆ ಅಪವಾದ

ಹೆಂಗಸರು ಕುಡಿಯುತ್ತಾರೆಂದರೆ ನಮ್ಮ ಊರಿನ ಮಡಿವಂತರಿಗೆ ಭೂಮಿ ಬಾಯ್ಬಿಟ್ಟಂತಾಗುತ್ತದೆ. ಗುಡ್ಡಗಾಡಿನ ಜನರಲ್ಲಿ ಹೆಂಗಸರೂ ಕುಡಿಯುತ್ತಾರೆ, ಆದುದರಿಂದಲೇ ಅವರು ಉದ್ಧಾರವಾಗಲಿಲ್ಲ ಎಂಬ ತೀರ್ಪನ್ನು ದೊಡ್ಡವರ ಬಾಯಿಂದಲೇ ಕೇಳಿದ್ದೇವೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಕುಡಿಯುವವರು ನೂರಕ್ಕೆ 18.8, ಹೆಂಗಸರಲ್ಲಿ 1.3. ಅರುಣಾಚಲದಲ್ಲಾದರೋ ಹೆಂಗಸರ ಲೆಕ್ಕ 24ನ್ನು ಮೀರುತ್ತದೆ. ಅಲ್ಲಿಯ ಆದಿ ಜನರಲ್ಲಿ ಅಕ್ಕಿಯಿಂದ ಅಪೊಂಗ್ ಇಳಿಸುವುದು ಮನೆಯ ಹೆಂಗಸರ ಕೆಲಸ. ನೆಂಟರು ಬಂದರೆ ನಾವು ಕಾಫಿ ಕೊಟ್ಟಂತೆ ಅವರು ಅಪೊಂಗ್ ಕೊಡುತ್ತಾರೆ. ಜಾರ್ಖಂಡಿನ ಸಂತಾಲರು, ಮುಂಡರು ಅನ್ನಕ್ಕೆ ರಾನು ಬೆರೆಸಿ ಹುಳಿಯಿಟ್ಟ ಹಂಡಿಯಾವನ್ನು ಮೊದಲು ಹಿರಿಯರಿಗೆ ಎಡೆಯಿಟ್ಟು ಅನಂತರ ಕುಡಿಯುತ್ತಾರೆ. ಕದ್ದು ಕುಡಿಯಬೇಕಾದ ಪ್ರಮೇಯ ಅಲ್ಲಿಲ್ಲ. ನಮ್ಮಲ್ಲಿ ಕುಡಿದ ಹೆಂಗಸಿಗೆ ಹೆಸರು ಕೆಡುತ್ತದೆ. ಲೆಕ್ಕ ಬರೆಯಲು ಬಂದವರೆದುರು ಆಕೆ ನಿಜ ಹೇಳಿಯಾಳೆ?

ಗುಡ್ಡಗಾಡೆಂದರೆ ಎಲ್ಲವೂ ಒಂದೇ ಅಲ್ಲ. ಮಿಜೋರಾಂನಲ್ಲಿ ಹೆಂಡ ಮುಟ್ಟುವ ಹೆಂಗಸರು ತೀರ ಕಡಮೆ. ಹೊಗೆಸೊಪ್ಪು ಬಳಸುವವರು ನೂರಕ್ಕೆ 60ಕ್ಕೂ ಹೆಚ್ಚು.

ಹಾಗೆಂದು ಸಂಪ್ರದಾಯದ ಹೆಸರಿನಲ್ಲಿ ಎಲ್ಲವನ್ನೂ ಹೊಗಳುವವರೂ ನಾವಲ್ಲ. ಹಬ್ಬದ ಹಂಡಿಯಾ ಇಂದು ಸಂತೆಯ ಸರಕಾಗಿದೆ. ಹೊಟ್ಟೆಪಾಡಿಗಾಗಿ ಬೀದಿಬದಿ ಕುಳಿತು ಅದನ್ನು ಮಾರುವವರು ಹೆಂಗಸರೇ. ಅವರಿಗೆ ಬೇರೆ ಕಸುಬಿಗೆಂದು ಜಾರ್ಖಂಡ್ ಸರಕಾರ 2020ರಲ್ಲಿ ಸಾಲದ ಯೋಜನೆಯನ್ನೇ ತೆರೆಯಬೇಕಾಯಿತು. ಒಂದೇ ಅಳತೆಯ ಮದ್ಯ ಗಂಡಸಿಗಿಂತ ಹೆಂಗಸಿನ ಮೈಗೆ ಹೆಚ್ಚು ಏರುತ್ತದೆಂಬುದೂ, ಗರ್ಭದ ಕೂಸಿಗೆ ಕೆಡುಕೆಂಬುದೂ ವೈದ್ಯರು ಒಪ್ಪಿದ ಮಾತು. ನೆಲ್ಲೂರು ಜಿಲ್ಲೆಯ ದೂಬಗುಂಟದ ಬಡ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಗೆ ತಿರುಗಿಬಿದ್ದರು. ಮರುವರ್ಷ ಆಂಧ್ರ ಸರಕಾರ ಸಾರಾಯಿಯನ್ನು ನಿಲ್ಲಿಸಿತು. ಅವರಿಗೆ ಮಡಿಯ ಚಿಂತೆಯಿರಲಿಲ್ಲ. ಗಂಡನ ಕೂಲಿ ಮನೆ ಸೇರುತ್ತಿರಲಿಲ್ಲ, ಅಷ್ಟೆ.

ಇನ್ನು ನಮ್ಮ ಮನೆಯ ವಿಚಾರ. ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಕುಡಿಯುವ ಹೆಂಗಸರು ನೂರಕ್ಕೆ ಒಬ್ಬರೂ ಇಲ್ಲ. ಹೊಗೆಸೊಪ್ಪು ಬಳಸುವವರು 8.5. ಎಲೆಯಡಿಕೆಯ ಜೊತೆಗಿನ ಕಡ್ಡಿಪುಡಿಗೆ ಯಾವ ಮಡಿವಂತನೂ ಮೂಗು ಮುರಿಯುವುದಿಲ್ಲ. ಆತನ ಮನೆಯಲ್ಲೂ ಅದು ಇದ್ದೀತು! ಮಗ್ಗದೆದುರು ಎಂಟು ಗಂಟೆ ನಿಲ್ಲುವ ಹೆಂಗಸು ಹಸಿವು, ನಿದ್ದೆ ತಡೆಯಲೆಂದು ಒಸಡಿಗೆ ಒಂದು ಚಿಟಿಕೆ ಒತ್ತಿಕೊಂಡರೆ ಅದು ಚಟವೆಂದು ಆಕೆಗೂ ತೋಚದು. ಬಾಯಿಯ ಕ್ಯಾನ್ಸರ್ ಇದರಿಂದಲೂ ಬರುತ್ತದೆ. ಅಂಗಡಿಯ ಗೆಳೆಯರು ಮುನಿಯಬಾರದು. ಪುಡಿಕೆಯ ಲಾಭ ಎಷ್ಟೆಂದು ಅವರಿಗೇ ಗೊತ್ತು.

30 ವರ್ಷ ದಾಟಿದವರ ಬಾಯಿ ಪರೀಕ್ಷೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಪಾಳಿ ಬಿಟ್ಟು ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋಗುವವರು ಯಾರು? ಕೂಲಿ ಕಡಿಯದೆ ವರ್ಷಕ್ಕೆ ಒಂದು ದಿನ, ಗಿರಣಿಯ ಬಾಗಿಲಿನಲ್ಲೇ ಈ ಪರೀಕ್ಷೆ ನಡೆಯಬೇಕೆಂದು ಸಂಘಗಳು ತಮ್ಮ ಬೇಡಿಕೆಯ ಪಟ್ಟಿಗೆ ಸೇರಿಸಲಿ.