ಮನೆಗಿಂತ ಮೊದಲು ಬಯಲು



ಗುಡ್ಡಾಪುರದ ದಾನಮ್ಮದೇವಿಯ ಗುಡಿಗೆ ಕರ್ನಾಟಕದಿಂದ ನಡೆದು ಬರುವ ಭಕ್ತರು ದಾರಿಯಲ್ಲಿ ಹುಡುಕುವುದು ಒಂದು ಮರದ ನೆರಳು, ಕೂಡಲು ಒಂದು ಕಟ್ಟೆ. ಜತ್ತ ತಾಲೂಕಿನಂಥ ಬರದ ಸೀಮೆಯಲ್ಲಿ ಇದು ದೊಡ್ಡ ಸೌಕರ್ಯ. ವರ್ಷಕ್ಕೊಮ್ಮೆ ಬರುವವರಿಗೆ ಬೇಕಾದದ್ದು ವರ್ಷವಿಡೀ ಇಲ್ಲೇ ಬಾಳುವವರಿಗೆ ಬೇಡವೇ?

ಹಳೆಯ ಊರುಗಳಲ್ಲಿ ಗುಡಿಯ ಮುಂದಿನ ಬಯಲು, ಬಾವಿಯ ದಂಡೆ, ದನ ಮೇಯುವ ಗಾಯರಾಣ ಇದ್ದವು. ಈಗ ಊರಂಚಿನ ಹೊಲಗಳು ಪ್ಲಾಟುಗಳಾಗುವಾಗ ಇವು ಯಾವುವೂ ನಕ್ಷೆಯಲ್ಲಿ ಕಾಣುವುದಿಲ್ಲ. ಮಕ್ಕಳು ರಸ್ತೆಯಲ್ಲಿ ಆಡುತ್ತಾರೆ. ಮುದುಕರು ಕಾದ ಪತ್ರಾಸಿನ ಕೆಳಗೆ ಬೇಸಿಗೆ ಕಳೆಯುತ್ತಾರೆ.

ಕಾಯಿದೆ ನಮ್ಮ ಪರವಾಗಿದೆ. ಮಹಾರಾಷ್ಟ್ರದ 2020ರ ಏಕೀಕೃತ ಅಭಿವೃದ್ಧಿ ನಿಯಮಗಳಂತೆ 0.4 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಬಡಾವಣೆಯಲ್ಲಿ ನೂರಕ್ಕೆ 10ರಷ್ಟು ಜಾಗ ಬಯಲಾಗಿ ಉಳಿಯಬೇಕು. ಅಂದರೆ ಎಕರೆಗೆ 4 ಗುಂಟೆ. "ಅಷ್ಟರಲ್ಲಿ ನಾಲ್ಕು ಪ್ಲಾಟು ಆಗುತ್ತಿದ್ದವು" ಎಂದು ಹೊಲ ಮಾರುವವರು ಮರುಗುವುದು ಸಹಜ. ಆದ್ದರಿಂದಲೇ ಯಾರಿಗೂ ಬೇಡವಾದ ಮೂಲೆಯನ್ನು ಬಯಲೆಂದು ಬಿಡುತ್ತಾರೆ. ಅದು ತಿಪ್ಪೆಯಾಗುತ್ತದೆ, ಕಡೆಗೆ ಯಾರದೋ ಶೆಡ್ಡಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟೇ: ಪ್ಲಾಟಿನ ಗೆರೆ ಎಳೆಯುವ ಮೊದಲೇ ಬಯಲಿನ ಜಾಗ ಗೊತ್ತು ಮಾಡಬೇಕು. ಮಳೆನೀರು ಹರಿದು ಕೂಡುವ ಇಳಿಜಾರು ಅದಕ್ಕೆ ಸರಿಯಾದ ಸ್ಥಳ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು. ಅದರಲ್ಲಿ ಸ್ವಲ್ಪವಾದರೂ ಇಂಗುಗುಂಡಿಗೆ ಇಳಿದರೆ ಸುತ್ತಲಿನ ಬಾವಿಗಳಿಗೆ ಲಾಭ. ಗುಂಡಿಗೆ ಕಲ್ಲು, ಗರಸು ತುಂಬಿರಿ. ನೀರು ವಾರಗಟ್ಟಲೆ ನಿಂತರೆ ಸೊಳ್ಳೆ ಹುಟ್ಟುತ್ತದೆ.

ಹುಲ್ಲುಹಾಸು ನಮಗೆ ಬೇಡ, ಅದಕ್ಕೆ ನಿತ್ಯ ನೀರು ಬೇಕು. ಬೇವು, ಹುಣಸೆ, ಹೊಂಗೆ, ಅರಳಿ ಸಾಕು. ಮೊದಲ ಎರಡು-ಮೂರು ಬೇಸಿಗೆ ಬಚ್ಚಲ ನೀರು ಹಾಯಿಸಿ, ಆಡು ಮುಟ್ಟದಂತೆ ಮುಳ್ಳುಬೇಲಿ ಹಾಕಿದರೆ ಮುಂದೆ ಅವು ತಾವೇ ಬದುಕುತ್ತವೆ. ನಡುವೆ ಮಕ್ಕಳಿಗೆ ಆಟದ ಅಂಗಳ, ನೆರಳಿನಲ್ಲಿ ಹಿರಿಯರಿಗೆ ಕಟ್ಟೆ ಇರಲಿ.

ಗಾಯರಾಣದ ವಿಷಯದಲ್ಲೂ ಎಚ್ಚರ ಬೇಕು. ಹಳ್ಳಿಯ ಸಾರ್ವಜನಿಕ ಭೂಮಿಯ ಅತಿಕ್ರಮಣ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಗ್ರಾಮಸಭೆಯಲ್ಲಿ ಉತಾರ ತೋರಿಸಿ ಕೇಳುವುದು ನಮ್ಮ ಹಕ್ಕು.

ಎಲ್ಲರಿಗೂ ಸೇರಿದ ಜಾಗಗಳನ್ನು ಕಾಪಾಡಬೇಕೆಂದು ಪೋಪ್ ಫ್ರಾನ್ಸಿಸರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಹೇಳಿದ್ದಾರೆ. ಭೂಮಿ ದೇವರದು, ನಾವು ಅದರ ಮೇಲ್ವಿಚಾರಕರು. ಹೊಲ ಪ್ಲಾಟಾಗುವ ದಿನ ಆ 4 ಗುಂಟೆಯನ್ನು ಮೊದಲು ಅಳೆದು ಬಿಡೋಣ. ಒಮ್ಮೆ ಗೋಡೆ ಎದ್ದ ಮೇಲೆ ಬಯಲು ಮರಳಿ ಸಿಗುವುದಿಲ್ಲ.