ಮಾಲು ಒಳಗಿದೆಯಂತೆ

ನಾಗಪುರದ ಬಜಾಜ್ ನಗರದ ಕಿರಾಣಿ ಅಂಗಡಿಗಳಲ್ಲಿ ಯಾವುದಾದರೂ ಡಬ್ಬಿಯೋ ಪೊಟ್ಟಣವೋ ನಾಲ್ಕು ದಿನ ಕಾಣದಿದ್ದರೆ ಕೇಳಿಬರುವ ಮಾತು ಒಂದೇ: ‘ಮಾಲ್ ದಾಬೂನ್ ಠೇವ್ಲಾ ಆಹೆ.’ ಮಾಲು ಒಳಗೆ ಅದುಮಿಟ್ಟಿದ್ದಾರೆ ಅಂತ. ಬೆಣ್ಣೆಯಾದರೂ ಇದೇ ಮಾತು, ತುಪ್ಪವಾದರೂ ಇದೇ, ಕಿತ್ತಳೆ ಸ್ಕ್ವಾಷ್ ಆದರೂ ಇದೇ. ಹೇಳುವವರು ನಿವೃತ್ತ ಅಧಿಕಾರಿ ಇರಬಹುದು, ವಿಎನ್‌ಐಟಿಯಲ್ಲಿ ಓದುವ ಹುಡುಗ ಇರಬಹುದು. ಹೇಳಿ ಮುಗಿಸಿದಾಗ ಮುಖದಲ್ಲೊಂದು ಸಮಾಧಾನ, ನನ್ನನ್ನು ಯಾರೂ ಏಮಾರಿಸಲಾರರು ಎಂಬಂಥದ್ದು. ಬೆಂಗಳೂರಿನಲ್ಲಿ ಇದೇ ಮಾತು ಕನ್ನಡದಲ್ಲಿ ಕೇಳಿಸುತ್ತದೆ. ಈಚೆಗೆ ಇದಕ್ಕೆ ಗ್ರಾಹಕ ಜಾಗೃತಿ ಎಂಬ ದೊಡ್ಡ ಹೆಸರೂ ಸಿಕ್ಕಿದೆ.

ನನಗೆ ಇದು ಸೋಮಾರಿತನ ಅನ್ನಿಸುತ್ತದೆ. ಯಾರು ಅದುಮಿಟ್ಟರು, ಎಷ್ಟು, ಎಲ್ಲಿ ಎಂದು ಕೇಳಿದರೆ ಉತ್ತರವಿಲ್ಲ, ಕೇಳಿದವನೇ ಪೆದ್ದನಾಗುತ್ತಾನೆ. ಪೊಟ್ಟಣದಲ್ಲಿ ಬರುವ ಆಹಾರಕ್ಕೂ ಮಳೆ, ಮೇವು, ದನ ಇವುಗಳಿಗೂ ಸಂಬಂಧವಿದೆ ಎಂಬುದನ್ನು ನಾವು ಮರೆತುಬಿಟ್ಟಿದ್ದೇವೆ. ಆ ಮರೆವಿನಿಂದ ಹುಟ್ಟಿದ ಗೊಂದಲವನ್ನೇ ಜಾಣತನ ಎಂದು ಕರೆದುಕೊಳ್ಳುತ್ತಿದ್ದೇವೆ.

2022ರ ಕೊನೆಯಿಂದ 2023ರ ಬೇಸಿಗೆಯವರೆಗೆ ಕರ್ನಾಟಕದಲ್ಲಿ ನಂದಿನಿ ತುಪ್ಪ, ಬೆಣ್ಣೆ ಸಿಗುವುದು ಕಷ್ಟವಾಗಿತ್ತಲ್ಲ, ಅದನ್ನೇ ನೋಡಿ. ತುಪ್ಪ ಎಲ್ಲಿಂದ ಬರುತ್ತದೆ ಎಂಬ ಲೆಕ್ಕ ತಿಳಿದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಮೂರೂವರೆಯಿಂದ ನಾಲ್ಕರಷ್ಟು ಜಿಡ್ಡಿರುತ್ತದೆ. ನಾವು ದಿನವೂ ಕೊಳ್ಳುವ ಟೋನ್ಡ್ ಹಾಲಿನಲ್ಲಿ ಇರಬೇಕಾದದ್ದು ನೂರಕ್ಕೆ 3. ಹಾಗಾದರೆ ಲೀಟರಿಗೆ 5ರಿಂದ 10 ಗ್ರಾಂ ಜಿಡ್ಡು ಡೇರಿಯ ಕೈಯಲ್ಲಿ ಉಳಿಯುತ್ತದೆ. ಈ ಉಳಿಕೆಯಿಂದಲೇ ಒಂದು ಕೆ.ಜಿ. ತುಪ್ಪ ಕಾಯಿಸಬೇಕೆಂದರೆ 100ರಿಂದ 200 ಲೀಟರ್ ಹಾಲು ಮೊದಲು ಪ್ಯಾಕೆಟ್ ಸೇರಿರಬೇಕು. ಅದರಾಚೆ ಬೇಕಾದ ತುಪ್ಪಕ್ಕೆ ಮಾರಾಟವಾಗದೆ ಮಿಕ್ಕ ಹಾಲೇ ಗತಿ.

ಈಗ ಹಾಲು ಕಡಿಮೆಯಾಯಿತು ಅನ್ನಿ. ಬೆಳಗಿನ ಪ್ಯಾಕೆಟ್ ತಪ್ಪಿದರೆ ಊರೇ ಎದ್ದು ಕೂರುತ್ತದೆ, ಆದ್ದರಿಂದ ಅದನ್ನು ಯಾವ ಒಕ್ಕೂಟವೂ ತಪ್ಪಿಸುವುದಿಲ್ಲ. ಆಮೇಲೆ ಮೊಸರು, ಮಜ್ಜಿಗೆ. ಸಾಲಿನ ಕೊನೆಯಲ್ಲಿ ನಿಂತಿರುವುದು ಬೆಣ್ಣೆ, ತುಪ್ಪ. ಬರುವ ಹಾಲಿನಲ್ಲಿ ಹತ್ತರಲ್ಲೊಂದು ಪಾಲು ಕಡಿಮೆಯಾದರೆ ತುಪ್ಪವೂ ಹತ್ತರಲ್ಲೊಂದು ಪಾಲು ಕಡಿಮೆಯಾಗುವುದಿಲ್ಲ. ಇಡೀ ಹೊಡೆತ ಅದರ ಮೇಲೇ ಬೀಳುತ್ತದೆ. ಸಾಲದೆಂಬಂತೆ, ಹಾಲು ಸಾಲದ ದಿನಗಳಲ್ಲಿ ಡೇರಿಗಳು ದಾಸ್ತಾನಿನ ಬೆಣ್ಣೆಯನ್ನೂ ಪುಡಿಯನ್ನೂ ನೀರಿಗೆ ಸೇರಿಸಿ ಮತ್ತೆ ಹಾಲನ್ನಾಗಿ ಮಾಡುತ್ತವೆ. ತುಪ್ಪವಾಗಬೇಕಿದ್ದದ್ದು ಕಾಫಿಗೆ ಹೋಗುತ್ತದೆ.

ಆ ವರ್ಷ ಹಾಲು ಇಳಿಯಲು ಕಾರಣಗಳಿಗೇನೂ ಕೊರತೆ ಇರಲಿಲ್ಲ. ಚರ್ಮಗಂಟು ರೋಗ ರಾಜಸ್ಥಾನ, ಗುಜರಾತಿನಿಂದ ಹಿಡಿದು ಮಹಾರಾಷ್ಟ್ರ, ಕರ್ನಾಟಕದವರೆಗೆ ದನಗಳನ್ನು ಮಲಗಿಸಿತ್ತು. ಅತಿಮಳೆಗೆ ಮೇವು ಹಾಳಾಗಿತ್ತು, ಹಿಂಡಿ, ಬೂಸಾ ದುಬಾರಿಯಾಗಿದ್ದವು. ಅದರ ಬೆನ್ನಿಗೇ, ಹೇಗೂ ಹಾಲು ಇಳಿಯುವ ಬೇಸಿಗೆ ಬಂತು.

ಆದರೆ ಜೊತೆಗೆ ಚುನಾವಣೆಯೂ ಬಂತು. 2022ರ ಡಿಸೆಂಬರ್ 30ರಂದು ಮಂಡ್ಯದಲ್ಲಿ ಅಮಿತ್ ಶಾ ಗುಜರಾತಿನ ಅಮುಲ್ ಮತ್ತು ನಂದಿನಿಯ ಒಕ್ಕೂಟವಾದ ಕೆಎಂಎಫ್ ಜೊತೆಯಾಗಿ ಕೆಲಸ ಮಾಡಬೇಕೆಂದು ಹೇಳಿದ್ದರು. ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿಗೆ ಹಾಲು ತರುವುದಾಗಿ ಸಾರಿತು. ಮೇ 10ಕ್ಕೆ ಮತದಾನ. ನಂದಿನಿಯ ಅಭಾವವನ್ನು ಬೇಕೆಂದೇ ಸೃಷ್ಟಿಸಲಾಗಿದೆ ಎಂದು ಆಗಿನ ವಿರೋಧ ಪಕ್ಷಗಳ ನಾಯಕರು ಹೇಳಿದರು, ಜನ ನಂಬಿದರು. ಒಂದು ರಾಜ್ಯದ ಸಹಕಾರಿ ಸಂಸ್ಥೆಯ ಅಂಗಳಕ್ಕೆ ಇನ್ನೊಂದು ರಾಜ್ಯದ್ದು ಕಾಲಿಡಬೇಕೇ ಎಂಬ ಪ್ರಶ್ನೆ ನಿಜವಾದದ್ದು, ಲಕ್ಷಾಂತರ ರೈತರ ಬದುಕಿನದ್ದು. (ನಾಗಪುರಕ್ಕೆ ನಂದಿನಿ ಹಾಲು ಬರುವುದನ್ನು ಇಲ್ಲಿನ ಡೇರಿಯವರು ಯಾವ ಕಣ್ಣಿನಿಂದ ನೋಡುತ್ತಾರೆಂದು ನಾವು ಕನ್ನಡಿಗರು ಕೇಳಿಕೊಂಡದ್ದು ಕಡಿಮೆ.) ಆದರೆ ಆ ಪ್ರಶ್ನೆಗೆ ಖಾಲಿ ಕಪಾಟನ್ನು ಸಾಕ್ಷಿಯಾಗಿ ನಿಲ್ಲಿಸಿದಾಗ ಕೆಟ್ಟಿತು. ಯಾರ ಲಾಭಕ್ಕಾಗಿ ಪಿತೂರಿ ನಡೆದಿದೆ ಎನ್ನಲಾಯಿತೋ ಆ ಅಮುಲ್‌ನ ಬೆಣ್ಣೆಯೇ 2022ರ ದೀಪಾವಳಿಯ ನಂತರ ದೇಶದ ಹಲವು ಊರುಗಳಲ್ಲಿ ಸಿಗುತ್ತಿರಲಿಲ್ಲ! ಪಿತೂರಿಗಾರ ತನ್ನ ಅಂಗಡಿಯನ್ನೇ ಮೊದಲು ಖಾಲಿ ಮಾಡಿಕೊಂಡನೇ? ಸರ್ಕಾರ ಬದಲಾಯಿತು. ಆರೋಪ ಮಾಡಿದವರೇ ಕುರ್ಚಿಯಲ್ಲಿದ್ದಾಗ, 2023ರ ಆಗಸ್ಟ್ 1ರಿಂದ ಹಾಲಿನ ಬೆಲೆ ಲೀಟರಿಗೆ 3 ರೂಪಾಯಿ ಏರಿತು. 2024ರ ಜೂನ್ ಹೊತ್ತಿಗೆ ದಿನದ ಹಾಲು ಒಂದು ಕೋಟಿ ಲೀಟರಿನ ಹತ್ತಿರ ಬಂದು ನಿಂತಿತು. ಹಾಲನ್ನು ಏನು ಮಾಡುವುದೆಂದು ತಿಳಿಯದೆ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ತೆಗೆದುಕೊಂಡರು. ಇಷ್ಟು ಹೊತ್ತಿಗೆ ಪಿತೂರಿಯ ಮಾತನ್ನು ಎಲ್ಲರೂ ಮರೆತಿದ್ದರು.

ಹಂಗಾಮಿನ ಆಟ ಅರ್ಥವಾಗಬೇಕಾದರೆ ನಾಗಪುರಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಇಲ್ಲಿನ ಕಿತ್ತಳೆಗೆ ಎರಡು ಫಸಲು. ಆಂಬಿಯಾ ಬಹಾರ್ ಜನವರಿ, ಫೆಬ್ರವರಿಯಲ್ಲಿ ಹೂಬಿಟ್ಟು ದೀಪಾವಳಿಯ ಆಸುಪಾಸಿಗೆ ಹಣ್ಣಾಗುತ್ತದೆ. ಮೃಗ ಬಹಾರ್ ಮೃಗಶಿರಾ ಮಳೆಗೆ ಹೂಬಿಟ್ಟು ಮುಂದಿನ ಫೆಬ್ರವರಿಯಿಂದ ಕೊಯ್ಲಿಗೆ ಬರುತ್ತದೆ. ಈ ಎರಡನೆಯದಕ್ಕೆ ಬೇಸಿಗೆಯಲ್ಲಿ ಗಿಡಕ್ಕೆ ನೀರು ನಿಲ್ಲಿಸಿ ಒಣಗಿಸಬೇಕು. ಆ ಬಾಯಾರಿಕೆಯ ಮೇಲೆ ಮಳೆ ಬಿದ್ದರೇ ಹೂವು. ಮೇ ತಿಂಗಳಲ್ಲಿ ಅಕಾಲ ಮಳೆ ಬಂದು ನೆಲ ನೆನೆಸಿತೆನ್ನಿ, ಹೂವು ಕೈಕೊಡುತ್ತದೆ, ಒಂಬತ್ತು ತಿಂಗಳ ನಂತರ ಮಂಡಿಯಲ್ಲಿ ಹಣ್ಣಿರುವುದಿಲ್ಲ. ಮಳೆ ಬಂದ ದಿನ ತಂಪಾಯಿತೆಂದು ಖುಷಿಪಟ್ಟವರೇ ಅಂದು ವ್ಯಾಪಾರಿಯನ್ನು ಬೈಯುತ್ತಾರೆ.

ಕಿತ್ತಳೆ ಬೆಳೆಗಾರರ ಸಂಘದ ಹೆಸರಿನಿಂದಲೇ ಹುಟ್ಟಿದ ‘ನೋಗಾ’ ಈ ಊರಿನ ಹಳೆಯ ಡಬ್ಬಿ ಆಹಾರದ ಬ್ರ್ಯಾಂಡು. ಈಗ ಮಹಾರಾಷ್ಟ್ರದ ಕೃಷಿ ಉದ್ಯಮ ಅಭಿವೃದ್ಧಿ ನಿಗಮದ ಕೈಯಲ್ಲಿದೆ. ಇಷ್ಟು ಹಣ್ಣಿರುವ ಊರಿನಲ್ಲಿ ಬರೀ ಕಿತ್ತಳೆರಸವೇ ಏಕೆ ಡಬ್ಬಿಗಳಲ್ಲಿ ತುಂಬಿ ತುಳುಕುವುದಿಲ್ಲ ಎಂದು ಹೊಸಬರು ಕೇಳುತ್ತಾರೆ, ಕೇಳಿ ಅನುಮಾನಪಡುತ್ತಾರೆ. ಮನೆಯಲ್ಲೇ ಹಿಂಡಿ ನೋಡಿ. ಕುಡಿದರೆ ಅಮೃತ, ಹೊತ್ತು ಹೋಗಲು ಬಿಟ್ಟರೆ ಕಹಿ. ಹಿಂಡುವಾಗ ತೊಳೆಯ ಪೊರೆಯಿಂದ, ಬೀಜದಿಂದ ಬರುವ ಅಂಶವೊಂದು ರಸದ ಹುಳಿಯಲ್ಲಿ ನಿಧಾನವಾಗಿ ಲಿಮೋನಿನ್ ಎಂಬ ಕಹಿ ವಸ್ತುವಾಗುತ್ತದೆ. ಕಾಯಿಸಿದರೆ ಇನ್ನೂ ಬೇಗ. ನಾಗಪುರದ ಹಣ್ಣನ್ನು ಡಬ್ಬಿಗಿಳಿಸುವವರಿಗೆಲ್ಲ ಇದು ತಲೆನೋವು. ಅಂಗಡಿಯ ಕಿತ್ತಳೆರಸದಲ್ಲಿ ಎಷ್ಟೋ ಪಾಲು ಹೊರದೇಶದ ಬೇರೆ ಜಾತಿಯ ಹಣ್ಣಿನ ಗಟ್ಟಿರಸವಾಗಿರುವುದಕ್ಕೆ ಇದೂ ಒಂದು ಕಾರಣ. ಮನೆಯ ರಸ ಕಹಿಯಾದಾಗ ಮಾತ್ರ ನಾವು ಹಣ್ಣಿನ ಗಾಡಿಯವನ ಮೇಲೆ ಔಷಧಿ ಹೊಡೆದ ಆರೋಪ ಹೊರಿಸುತ್ತೇವೆ.

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಡಬ್ಬಿ ಕುಂಬಳದ ಬಹುಪಾಲು ಇಲಿನಾಯ್ ಎಂಬ ಒಂದೇ ರಾಜ್ಯದ ಹೊಲಗಳಿಂದ ಬರುತ್ತದೆ, ವರ್ಷಕ್ಕೊಂದೇ ಕೊಯ್ಲು. 2009ರಲ್ಲಿ ಮಳೆಗೆ ಟ್ರ್ಯಾಕ್ಟರುಗಳು ಕೆಸರಿನಲ್ಲಿ ಹೂತವು, 2015ರಲ್ಲಿ ಮತ್ತೆ ಮಳೆ ಬೆಳೆಯನ್ನು ತಿಂದಿತು. ಡಬ್ಬಿ ತುಂಬುವ ಕಂಪನಿ ಎಷ್ಟು ಹಣ ಸುರಿದರೂ ಜನವರಿಯಲ್ಲಿ ಇನ್ನೊಂದು ಡಬ್ಬಿ ಹುಟ್ಟುವುದಿಲ್ಲ.

ಹಾಗಂತ ವ್ಯಾಪಾರಿಗಳೆಲ್ಲ ಸತ್ಯಹರಿಶ್ಚಂದ್ರರೇ? ಅಲ್ಲ. ಇಲ್ಲಿ ಎದುರುಪಕ್ಷದ ವಾದಕ್ಕೆ ನಾನು ತಲೆಬಾಗುತ್ತೇನೆ. ಭಾರತೀಯ ಸ್ಪರ್ಧಾ ಆಯೋಗಕ್ಕಾಗಿ ಬೆಂಗಳೂರಿನ ಐಸೆಕ್ ಸಂಸ್ಥೆ 2012ರಲ್ಲಿ ಈರುಳ್ಳಿ ಮಾರುಕಟ್ಟೆಗಳ ಅಧ್ಯಯನ ಮಾಡಿ, ಮಹಾರಾಷ್ಟ್ರ, ಕರ್ನಾಟಕದ ಮಂಡಿಗಳಲ್ಲಿ ಕೆಲವೇ ವ್ಯಾಪಾರಿಗಳ ಹಿಡಿತವನ್ನೂ ಅವರೊಳಗಿನ ಹೊಂದಾಣಿಕೆಯನ್ನೂ ತೋರಿಸಿತು. ಅಂದರೆ ಅದುಮಿಡುವುದು ಕಟ್ಟುಕಥೆಯಲ್ಲ. ಹಿಂಗಾರಿನ ಈರುಳ್ಳಿ ಮುಗಿದು ಹೊಸದು ಬರುವ ಮುಂಚಿನ ತೆರವಿನಲ್ಲಿಯೇ ಈ ಆಟ ಚೆನ್ನಾಗಿ ನಡೆಯುತ್ತದೆ. ಹಂಗಾಮು ಗೊತ್ತಿಲ್ಲದವನಿಗೆ ಕಳ್ಳನೂ ಸಿಕ್ಕುವುದಿಲ್ಲ. 2023ರ ಮಾರ್ಚ್‌ನಲ್ಲಿ ನಂದಿನಿಯ ಫುಲ್ ಕ್ರೀಮ್ ಹಾಲಿನ ಬೆಲೆ 50 ರೂಪಾಯಿಯಲ್ಲೇ ನಿಂತು ಪ್ಯಾಕೆಟ್ 900 ಮಿಲಿಗೆ ಇಳಿದಾಗ ಅಳತೆ ಓದಿ ತಕರಾರು ತೆಗೆದವರಿಗೆ ನನ್ನ ನಮಸ್ಕಾರ. ಅವರ ಕೈಯಲ್ಲಿ ಒಂದು ಅಂಕಿ ಇತ್ತು. 2016ರ ನವೆಂಬರ್‌ನಲ್ಲಿ ಉಪ್ಪು ಮುಗಿಯಿತೆಂಬ ಗಾಳಿಮಾತಿಗೆ ಅಂಗಡಿ ಮುಂದೆ ಮುಗಿಬಿದ್ದವರ ಬಗ್ಗೆ, ಮೂರು ಕಡೆ ಸಮುದ್ರವಿರುವ ದೇಶದಲ್ಲಿ, ಏನು ಹೇಳುವುದು!

ಅಂಕಿಯನ್ನು ಕೊಡಬೇಕಾದವರೂ ಕೊಡುವುದಿಲ್ಲ ಎಂಬ ದೂರನ್ನು ನಾನು ಒಪ್ಪುತ್ತೇನೆ. ಎಷ್ಟು ಹಾಲು ಬಂತು, ಎಷ್ಟು ಬೆಣ್ಣೆ, ಎಷ್ಟು ಪುಡಿ ಉಗ್ರಾಣದಲ್ಲಿದೆ ಎಂಬುದು ಡೇರಿಯವರಿಗೆ ದಿನದಿನವೂ ತಿಳಿದೇ ಇರುತ್ತದೆ. ದಾಖಲೆ ಮುಟ್ಟಿದಾಗ ಅದು ಸಂಭ್ರಮದಿಂದ ಪತ್ರಿಕೆಗೆ ಬರುತ್ತದೆ. ಇಳಿದಾಗ, ಕಪಾಟು ಖಾಲಿಯಾಗಿ ಜನ ಕೂಗಾಡಿದ ಮೇಲೆ, ಸಮಜಾಯಿಷಿಯ ರೂಪದಲ್ಲಿ ಬರುತ್ತದೆ. ಕೆಆರ್‌ಎಸ್‌ನಲ್ಲಿ ಇಂದು ಎಷ್ಟು ಅಡಿ ನೀರಿದೆ ಎಂಬುದು ದಿನವೂ ಅಚ್ಚಾಗುತ್ತದೆ, ಅದನ್ನು ನೋಡಿಯೇ ಮಂಡ್ಯದ ರೈತ ನಾಟಿಯ ಲೆಕ್ಕ ಹಾಕುತ್ತಾನೆ. ಬೆಣ್ಣೆಯ ದಾಸ್ತಾನನ್ನು ಅದೇ ಪುಟದಲ್ಲಿ ಹಾಕಲು ಅಡ್ಡಿಯೇನು? ದಾಸ್ತಾನು ಬಯಲಾದರೆ ವ್ಯಾಪಾರಿಗಳು ಮೊದಲೇ ಕೊಂಡು ಬಚ್ಚಿಡುತ್ತಾರೆ ಎನ್ನುತ್ತಾರೆ. ದೊಡ್ಡ ವ್ಯಾಪಾರಿಗೆ ಅದರ ಅಂದಾಜು ಈಗಲೂ ಸಿಗುತ್ತದೆ. ಸಿಗದಿರುವುದು ಯುಗಾದಿಯ ಹೋಳಿಗೆಗೆ ಅರ್ಧ ಕೆ.ಜಿ. ತುಪ್ಪ ಹುಡುಕಿಕೊಂಡು ಹೊರಟವರಿಗೆ.